54ಕ್ಕೆ ಕೆಲಸ ಹೋಯಿತು, ಇದನ್ನೇ ನಿವೃತ್ತಿ ಅಂದುಕೊಳ್ಳಲಾ?

ಪ್ರಶ್ನೆ: ನನಗೆ 54 ವರ್ಷ. ಬರುವ ಮೇ ತಿಂಗಳಿಗೆ 55 ತುಂಬುತ್ತದೆ. ಪೀಣ್ಯದಲ್ಲಿ ವಾಹನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಕ್ವಾಲಿಟಿ ಮ್ಯಾನೇಜರ್. ಈ ತಿಂಗಳ ಕೊನೆಗೆ ಇಲ್ಲಿ 19 ವರ್ಷ 5 ತಿಂಗಳು ಆಗುತ್ತದೆ. ಅದಕ್ಕೂ ಮೊದಲು ಬೇರೆ ಕಡೆ 8 ವರ್ಷ ದುಡಿದಿದ್ದೇನೆ, ಆ ಪಿಎಫ್ ಇಲ್ಲಿಗೇ ವರ್ಗಾವಣೆಯಾಗಿದೆ. ಹೋದ ವಾರ ಎಚ್‌ಆರ್‌ನವರು ಕರೆದು, ನಿಮ್ಮ ಹುದ್ದೆ ತೆಗೆಯುತ್ತಿದ್ದೇವೆ, ತಿಂಗಳ ಕೊನೆಯೊಳಗೆ ರಾಜೀನಾಮೆ ಬರೆದುಕೊಡಿ, 11 ಲಕ್ಷದ ಪ್ಯಾಕೇಜ್ ಕೊಡುತ್ತೇವೆ ಎಂದರು. ಕೈಗೆ ಬರುವ ಸಂಬಳ 1.10 ಲಕ್ಷ, ಬೇಸಿಕ್ 55,000. ಪಿಎಫ್ 41 ಲಕ್ಷ, ಬ್ಯಾಂಕು ಮತ್ತು ಮ್ಯೂಚುವಲ್ ಫಂಡ್ ಸೇರಿ 14 ಲಕ್ಷ ಇದೆ. 2029ಕ್ಕೆ ಎಲ್‌ಐಸಿಯಿಂದ 6 ಲಕ್ಷ ಬರಬೇಕು. ದಾಸರಹಳ್ಳಿಯಲ್ಲಿ ಸ್ವಂತ ಮನೆ, ಅದರ ಮೇಲೆ 9 ಲಕ್ಷ ಸಾಲ ಬಾಕಿ. ತಿಂಗಳಿಗೆ 24,000 ಕಂತು ಸೇರಿ ಖರ್ಚು 62,000. ಮಗಳು ಎಂಜಿನಿಯರಿಂಗ್ ಮೂರನೇ ವರ್ಷ. ತಿಪಟೂರಿನ ಹತ್ತಿರ ಒಂದೂವರೆ ಎಕರೆ ತೆಂಗಿನ ತೋಟವಿದೆ, ಅಮ್ಮ ಅಲ್ಲೇ ಇದ್ದಾರೆ. ನನಗೆ ಬಿಪಿ, ಶುಗರ್ ಇದೆ. ಪಕ್ಕದ ಮನೆಯವರು ಬಿಎಸ್‌ಎನ್‌ಎಲ್‌ನಲ್ಲಿ ವಿಆರ್‌ಎಸ್ ತಗೊಂಡು ಆರಾಮಾಗಿದ್ದಾರೆ. ನಾನೂ ಇದನ್ನೇ ನಿವೃತ್ತಿ ಎಂದುಕೊಂಡು ಪಿಂಚಣಿ ಶುರು ಮಾಡಿಸಿ ಊರಿಗೆ ಹೋಗಲಾ? ಅಥವಾ ಈ ವಯಸ್ಸಿನಲ್ಲಿ ಮತ್ತೆ ಕೆಲಸ ಹುಡುಕಲಾ? ವಿಷಯ ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಉತ್ತರ: ನಿವೃತ್ತಿಯ ಮಾತು ಆಮೇಲೆ. ಮೊದಲು ಆ ರಾಜೀನಾಮೆ ಪತ್ರ. ಇನ್ನೂ ಸಹಿ ಹಾಕಿಲ್ಲ ತಾನೇ? ಹಾಕಿಲ್ಲದಿದ್ದರೆ ಇನ್ನೊಂದು ವಾರ ಹಾಕಬೇಡಿ.

ಆ 11 ಲಕ್ಷವನ್ನು ಬಿಡಿಸಿ ನೋಡೋಣ. ಗ್ರಾಚ್ಯುಟಿ, ಅಂದರೆ ದೀರ್ಘ ಸೇವೆಗೆ ಕಂಪನಿ ಕೊಡಲೇಬೇಕಾದ ಹಣ. ಅದರ ಲೆಕ್ಕ ಎಲ್ಲರಿಗೂ ಒಂದೇ: ಕೊನೆಯ ಸಂಬಳದ 26ರಲ್ಲಿ 15 ಭಾಗ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. 55,000 ಬೇಸಿಕ್‌ಗೆ 19 ವರ್ಷ ಅಂದರೆ 6 ಲಕ್ಷದ 3 ಸಾವಿರದ ಹತ್ತಿರ. ಬಳಸದ ರಜೆಯ ಹಣ ಸುಮಾರು 2 ಲಕ್ಷ ಇರಬಹುದು. ಉಳಿಯುವುದು ಸುಮಾರು 3 ಲಕ್ಷ, ಮೂರು ತಿಂಗಳ ಸಂಬಳಕ್ಕಿಂತಲೂ ಸ್ವಲ್ಪ ಕಮ್ಮಿ. ಈಗ ನಿಮ್ಮ ನೇಮಕ ಪತ್ರ ತೆಗೆದು ನೋಟಿಸ್ ಅವಧಿ ಎಷ್ಟಿದೆ ನೋಡಿ. ಮ್ಯಾನೇಜರ್ ಮಟ್ಟದಲ್ಲಿ ಮೂರು ತಿಂಗಳು ಇರುವುದು ಸಾಮಾನ್ಯ. ನಿಮ್ಮದೂ ಹಾಗೇ ಇದ್ದರೆ ಕಂಪನಿ ಕೈಯಿಂದ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡುತ್ತಿಲ್ಲ. ನಿಮಗೆ ಬರಬೇಕಾದದ್ದನ್ನೇ ಒಟ್ಟುಗೂಡಿಸಿ ಪ್ಯಾಕೇಜ್ ಎಂಬ ಹೆಸರಿಟ್ಟಿದ್ದಾರೆ, ಅಷ್ಟೇ. ಪಟ್ಟಿ ಬಿಡಿಸಿ, ಯಾವುದು ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ. ಕೇಳಿದ ತಕ್ಷಣ ಮಾತುಕತೆಯ ಧಾಟಿಯೇ ಬದಲಾಗುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ದುಡ್ಡಿನ ವಿಷಯ. ಗ್ರಾಚ್ಯುಟಿಯಲ್ಲಿ ಕೊನೆಯ ವರ್ಷದ ಸೇವೆ ಆರು ತಿಂಗಳು ದಾಟಿದರೆ ಪೂರ್ತಿ ವರ್ಷ ಎಂದು ಎಣಿಸಬೇಕು. ನಿಮ್ಮದು 19 ವರ್ಷ 5 ತಿಂಗಳಿಗೆ ನಿಲ್ಲುತ್ತಿದೆ. ನೋಟಿಸ್ ಹಣ ಕೊಟ್ಟು ಇವತ್ತೇ ಕಳಿಸುವ ಬದಲು ನೋಟಿಸ್ ಅವಧಿಯನ್ನು ಕೆಲಸದಲ್ಲೇ ಕಳೆಯಲು ಬಿಡಿ ಎಂದು ಕೇಳಿ. ಕೊನೆಯ ದಿನ ಎರಡು ತಿಂಗಳು ಮುಂದೆ ಹೋದರೂ ಸಾಕು, 20 ವರ್ಷದ ಲೆಕ್ಕಕ್ಕೆ ಬರುತ್ತೀರಿ. 31,000 ರೂಪಾಯಿಗೂ ಜಾಸ್ತಿ ಸಿಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ: ಕೆಲಸದಲ್ಲಿ ಇದ್ದುಕೊಂಡೇ ಕೆಲಸ ಹುಡುಕಬಹುದು, ಕಂಪನಿಯ ಆರೋಗ್ಯ ವಿಮೆ ಅಷ್ಟು ದಿನ ಉಳಿಯುತ್ತದೆ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಅವುಗಳ ಪ್ರಕಾರ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗವನ್ನೂ ವೇತನ ಎಂದೇ ನೋಡಬೇಕು. ನಿಮ್ಮ ಬೇಸಿಕ್ ಒಟ್ಟು ಸಂಬಳದ ಅರ್ಧಕ್ಕಿಂತ ಕಡಿಮೆ ಇರುವ ಹಾಗೆ ಕಾಣುತ್ತದೆ. ಗ್ರಾಚ್ಯುಟಿಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಿದ್ದೀರಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಇನ್ನು, ಕಾರ್ಮಿಕರನ್ನು ತೆಗೆಯುವಾಗ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕು ಎಂಬ ಕಾನೂನು ಮ್ಯಾನೇಜರ್‌ಗಳಿಗೆ ಅನ್ವಯಿಸುವುದಿಲ್ಲ. ಇದು ಬೇಜಾರಿನ ವಿಷಯವೇ. ಆದರೆ 19 ವರ್ಷ ದುಡಿದವರು ಅದೇ ಅಳತೆಯಲ್ಲಿ ಏನಾದರೂ ಕೊಡಿ ಎಂದು ಕೇಳಬಹುದು. ಕೆಲವು ಕಂಪನಿಗಳು ಕೊಡುತ್ತವೆ, ಕೆಲವು ಕೊಡುವುದಿಲ್ಲ. ಕೇಳದವರಿಗಂತೂ ಯಾರೂ ಕೊಡುವುದಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಕೆಲಸ ಹೋಗಿದ್ದು ಕಂಪನಿಯ ತೀರ್ಮಾನ. ನಿವೃತ್ತಿ ನಿಮ್ಮ ತೀರ್ಮಾನ ಆಗಬೇಕು. ಎರಡೂ ಒಂದೇ ದಿನ ಆಗಬೇಕು ಎಂಬ ನಿಯಮ ಎಲ್ಲೂ ಇಲ್ಲ. ಐವತ್ತು ದಾಟಿದ ಮೇಲೆ ಕೆಲಸ ಕಳೆದುಕೊಂಡವರು ಹೆಚ್ಚಾಗಿ ಎಡವುವುದು ಇಲ್ಲೇ. ಮರ್ಯಾದೆಯ ಪ್ರಶ್ನೆ ನೋಡಿ, ‘ತೆಗೆದರು’ ಅನ್ನುವುದಕ್ಕಿಂತ ‘ರಿಟೈರ್ ಆದೆ’ ಅನ್ನುವುದು ಸುಲಭ. ಊರಿನವರಿಗೆ ಬೇಕಾದರೆ ಹಾಗೇ ಹೇಳಿ, ಯಾರ ಗಂಟೂ ಹೋಗುವುದಿಲ್ಲ. ನಿಮ್ಮ ಲೆಕ್ಕದ ಪುಸ್ತಕಕ್ಕೆ ಮಾತ್ರ ಹಾಗೆ ಹೇಳಬೇಡಿ.

ಪಕ್ಕದ ಮನೆಯವರ ಜೊತೆ ಹೋಲಿಸಿಕೊಳ್ಳುವುದನ್ನೂ ಬಿಡಿ. 2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನಿಂದ ಒಂದೇ ದಿನ 78 ಸಾವಿರಕ್ಕೂ ಹೆಚ್ಚು ಜನ ವಿಆರ್‌ಎಸ್ ತಗೊಂಡು ಹೊರಬಂದರು. ಎಲ್ಲರೂ 50 ದಾಟಿದವರು. ಅವರಲ್ಲಿ ಹೆಚ್ಚಿನವರು ಮೊದಲು ಕೇಂದ್ರದ ದೂರಸಂಪರ್ಕ ಇಲಾಖೆಯಲ್ಲಿದ್ದವರು, ಹಾಗಾಗಿ ಅವರಿಗೆ ಸರ್ಕಾರಿ ಪಿಂಚಣಿ ಇದೆ. ಬೆಲೆ ಏರಿದ ಹಾಗೆ ಅದಕ್ಕೆ ತುಟ್ಟಿಭತ್ಯೆಯೂ ಸೇರುತ್ತದೆ. ನಿಮ್ಮ ಪಿಂಚಣಿ ಯಾವುದು ಗೊತ್ತಾ? ಪಿಎಫ್ ಜೊತೆ ಬರುವ ಇಪಿಎಸ್. ಅದರ ಕಥೆಯೇ ಬೇರೆ.

ನಿಮ್ಮ ಸಂಬಳ ಎಷ್ಟೇ ಇರಲಿ, ಇಪಿಎಸ್ ಲೆಕ್ಕಕ್ಕೆ 2014ರ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 6,500 ರೂಪಾಯಿ, ಅಲ್ಲಿಂದ ಈಚೆಗೆ 15,000 ರೂಪಾಯಿ ಮಿತಿ. ಆಯಾ ಅವಧಿಯ ಮೊತ್ತವನ್ನು ಆ ಅವಧಿಯ ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ನಿಮ್ಮ 27 ವರ್ಷದ ಸೇವೆಗೆ 58ನೇ ವಯಸ್ಸಿನಲ್ಲಿ ತಿಂಗಳಿಗೆ ನಾಲ್ಕು ಸಾವಿರದ ಆಸುಪಾಸು ಬರುತ್ತದೆ. ನಲವತ್ತು ಸಾವಿರ ಅಲ್ಲ, ನಾಲ್ಕು ಸಾವಿರ. ತುಟ್ಟಿಭತ್ಯೆ ಇಲ್ಲ. 50 ದಾಟಿದವರು 58ಕ್ಕೆ ಮೊದಲೇ ಬೇಕೆಂದರೆ ಸಿಗುತ್ತದೆ, ಆದರೆ ಮೊದಲು ತಗೊಂಡ ಪ್ರತಿ ವರ್ಷಕ್ಕೆ ಶೇ 4ರಷ್ಟು ಕಡಿತ, ಅದೂ ಜೀವನಪೂರ್ತಿ. ನೀವು ಈಗಲೇ ತಗೊಂಡರೆ ತಿಂಗಳಿಗೆ ಆರೇಳು ನೂರು ಕಮ್ಮಿ.

ಕಡಿತ ಅಂದ ತಕ್ಷಣ ನಷ್ಟ ಎಂದು ಎಲ್ಲರೂ ಹೆದರುತ್ತಾರೆ. ಲೆಕ್ಕ ಹಾಕಿದರೆ ಹಾಗೇನೂ ಕಾಣುವುದಿಲ್ಲ. 58 ತುಂಬುವಷ್ಟರಲ್ಲಿ ಒಂದೂವರೆ ಲಕ್ಷದಷ್ಟು ಪಿಂಚಣಿ ನಿಮ್ಮ ಕೈಗೆ ಬಂದಿರುತ್ತದೆ. ತಿಂಗಳ ಆರೇಳು ನೂರರ ನಷ್ಟ ಅದನ್ನು ತಿಂದು ಮುಗಿಸಲು ಸುಮಾರು 20 ವರ್ಷ ಬೇಕು. ಹಾಗಿದ್ದರೂ ಈಗ ಬೇಡ ಅನ್ನುತ್ತೇನೆ. ಕಾರಣ ಬೇರೆ. ಪಿಂಚಣಿ ಶುರುವಾದರೆ ಇಪಿಎಸ್ ಸದಸ್ಯತ್ವ ಅಲ್ಲಿಗೆ ಮುಗಿಯಿತು. ನಾಳೆ ಪಿಎಫ್ ಇರುವ ಕೆಲಸಕ್ಕೆ ಸೇರಿದರೆ ಆ ಸೇವೆ ಪಿಂಚಣಿಗೆ ಕೂಡುವುದಿಲ್ಲ. ಕೆಲಸ ಸಿಗುತ್ತದೋ ಇಲ್ಲವೋ ಒಂದು ವರ್ಷ ನೋಡಿ, ಆಮೇಲೆ ತೀರ್ಮಾನಿಸಿ. ಯಾವ ಕಡೆ ತೀರ್ಮಾನಿಸಿದರೂ ಇದು ನಿಮ್ಮ ಬದುಕನ್ನು ಎತ್ತುವಷ್ಟು ದೊಡ್ಡ ಮೊತ್ತ ಅಲ್ಲ. ಸುಮ್ನೆ ಇದರ ಮೇಲೆ ನಿದ್ದೆಗೆಡಬೇಡಿ.

ನಿದ್ದೆಗೆಡಬೇಕಾದ ಲೆಕ್ಕ ಇದು. ಪಿಎಫ್ 41, ಉಳಿತಾಯ 14, ಕಂಪನಿಯಿಂದ 11, ಒಟ್ಟು 66 ಲಕ್ಷ. ಮನೆ ಸಾಲ 9 ತೀರಿಸಿದರೆ 57. ಮಗಳ ಉಳಿದ ಫೀಸು, ಅಮ್ಮನ ಆಸ್ಪತ್ರೆ ಖರ್ಚು, ಆಪತ್ತಿಗೆ ಎಂದು 6 ಲಕ್ಷ ಬೇರೆ ಇಡಿ. ಉಳಿಯುವುದು 51 ಲಕ್ಷ. ಕಂತು ಹೋದ ಮೇಲೆ ಮನೆ ಖರ್ಚು 38,000. ಆರೋಗ್ಯ ವಿಮೆಗೆ ತಿಂಗಳಿಗೆ 4,000 ಎಂದು ಸೇರಿಸಿ. ವರ್ಷಕ್ಕೆ 5 ಲಕ್ಷ ಆಯಿತು. ಬರುವ ಬಡ್ಡಿ ಬೆಲೆ ಏರಿಕೆಗೆ ಸರಿಹೋಗುತ್ತದೆ, ಅಷ್ಟೇ ಎಂದು ಇಟ್ಟುಕೊಳ್ಳಿ. ಈ ಎಚ್ಚರಿಕೆಯ ಲೆಕ್ಕದಲ್ಲಿ 51 ಲಕ್ಷ ಹತ್ತು ವರ್ಷಕ್ಕೆ ಖಾಲಿ. ನಿಮಗಾಗ 65. ಮಗಳ ಮದುವೆ ಇದರಲ್ಲಿ ಸೇರಿಲ್ಲ. ಅಂದರೆ ಬೆಂಗಳೂರಿನಲ್ಲೇ ಇದ್ದುಕೊಂಡು ಇವತ್ತೇ ನಿವೃತ್ತಿ ಅನ್ನುವುದು ನಿಮಗೆ ಸಾಧ್ಯವಿಲ್ಲ.

ಇವತ್ತೇ ಊರಿಗೆ ಹೋದರೆ? ದಾಸರಹಳ್ಳಿ ಮನೆಗೆ 18,000 ಬಾಡಿಗೆ ಬರುತ್ತದೆ ಎಂದುಕೊಳ್ಳೋಣ. ತಿಪಟೂರಿನಲ್ಲಿ ವಿಮೆ ಸೇರಿ 34,000 ಖರ್ಚು, ಮಗಳು ಬೆಂಗಳೂರಿನಲ್ಲಿ ಓದು ಮುಗಿಸುವವರೆಗೆ ಇನ್ನೊಂದು 10,000. ಮದುವೆಗೆ 12 ಲಕ್ಷ ಎತ್ತಿಟ್ಟರೆ ಉಳಿದ ಹಣ, ಪಿಂಚಣಿಯನ್ನು ಲೆಕ್ಕಕ್ಕೆ ಸೇರಿಸದಿದ್ದರೆ, 75ರ ಆಸುಪಾಸಿನವರೆಗೆ ಬರುತ್ತದೆ. ಆಗುತ್ತದೆ, ಆದರೆ ತೆಳು. ಒಂದು ದೊಡ್ಡ ಆಸ್ಪತ್ರೆ ಬಿಲ್ ಬಂದರೆ ಲೆಕ್ಕ ತಪ್ಪುತ್ತದೆ.

ಮೂರನೇ ದಾರಿ ನೋಡಿ. ನಾಲ್ಕೈದು ವರ್ಷ ತಿಂಗಳಿಗೆ 40,000 ತರುವ ಕೆಲಸ. ಹಳೆಯ ಸಂಬಳದ ಅರ್ಧವೂ ಅಲ್ಲ. ಸಾಲ ತೀರಿದ್ದರೆ ಅಷ್ಟರಲ್ಲೇ ಹೆಚ್ಚುಕಮ್ಮಿ ಮನೆ ನಡೆಯುತ್ತದೆ, 51 ಲಕ್ಷಕ್ಕೆ ಕೈ ಹಾಕಬೇಕಾದ್ದು ತೀರಾ ಕಮ್ಮಿ. 59ಕ್ಕೆ ಊರಿಗೆ ಹೋಗಿ. ಬಾಡಿಗೆ, ಪಿಂಚಣಿ ಸೇರಿದರೆ ತಿಂಗಳ ಕೊರತೆ ಇವತ್ತಿನ ಬೆಲೆಯಲ್ಲಿ ಬರೀ 12,000. ಮದುವೆಗೆ 12 ಲಕ್ಷ ತೆಗೆದಿಟ್ಟರೂ ಉಳಿದದ್ದು 85 ದಾಟುವವರೆಗೆ ಸಾಕು. ಎಲ್‌ಐಸಿ ಹಣ ಮುಟ್ಟಿಯೇ ಇಲ್ಲ.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ನೀವು 1.10 ಲಕ್ಷದ ಇನ್ನೊಂದು ಕೆಲಸ ಹುಡುಕಬೇಕಾಗಿಲ್ಲ. 54ರಲ್ಲಿ ಅದು ಸಿಗುವುದೂ ಕಷ್ಟ, ಸಿಗಲಿಲ್ಲ ಎಂದು ಕೊರಗುತ್ತಾ ಎರಡು ವರ್ಷ ಪಿಎಫ್ ತಿಂದವರನ್ನು ಬೇಕಾದಷ್ಟು ನೋಡಿದ್ದೇನೆ. ನಿಮಗೆ ಬೇಕಾಗಿರುವುದು ಉಳಿತಾಯಕ್ಕೆ ಕೈ ಹಾಕದ ಹಾಗೆ ಮನೆ ನಡೆಸುವ ದುಡಿಮೆ. ಅದು ಸಿಗುತ್ತದೆ.

ಹಾಗಾಗಿ ಮನೆ ಸಾಲ ಮೊದಲು ತೀರಿಸಿ. ಗ್ರಾಚ್ಯುಟಿ ಹಣ ಅದಕ್ಕೇ ಹೋಗಲಿ, ಕಮ್ಮಿ ಬಿದ್ದದ್ದನ್ನು ಬ್ಯಾಂಕ್ ಠೇವಣಿಯಿಂದ ಸೇರಿಸಿ. ನಿಮ್ಮದು ಬಡ್ಡಿ ಬದಲಾಗುವ ಸಾಲವಾದರೆ ಮುಂಚೆ ಕಟ್ಟಿದ್ದಕ್ಕೆ ದಂಡ ಇಲ್ಲ. ಸಾಲದ ಬಡ್ಡಿ ಉಳಿಯುವುದಕ್ಕಿಂತ ತಿಂಗಳ 24,000 ಹೊರೆ ಇಳಿಯುವುದು ಮುಖ್ಯ. 65,000ದ ಕೆಲಸವೇ ಬೇಕು ಅನ್ನುವವರು 40,000ದ ಕೆಲಸ ಒಪ್ಪಿಕೊಳ್ಳಬಹುದು.

ಆದರೆ ಸಾಲಕ್ಕಿಂತ ಮೊದಲು ಮುಗಿಸಬೇಕಾದದ್ದು ಆರೋಗ್ಯ ವಿಮೆ. ಕಂಪನಿಯ ಗ್ರೂಪ್ ಪಾಲಿಸಿ ನಿಮ್ಮ ಕೊನೆಯ ದಿನಕ್ಕೆ ನಿಲ್ಲುತ್ತದೆ. ಬಿಪಿ, ಶುಗರ್ ಇರುವವರು ಹೊಸದಾಗಿ ಪಾಲಿಸಿ ತಗೊಂಡರೆ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಅದೇ ವಿಮಾ ಕಂಪನಿಯಲ್ಲಿ ಗ್ರೂಪ್ ಪಾಲಿಸಿಯಿಂದ ವೈಯಕ್ತಿಕ ಪಾಲಿಸಿಗೆ ಬದಲಾದರೆ ಈಗಾಗಲೇ ಕಾದ ಅವಧಿ ಲೆಕ್ಕಕ್ಕೆ ಸಿಗುತ್ತದೆ. ಅರ್ಜಿಯನ್ನು ಕೆಲಸದಲ್ಲಿ ಇರುವಾಗಲೇ ಹಾಕಿಬಿಡಿ. ಎಚ್‌ಆರ್‌ನವರು ತಾವಾಗಿ ಇದನ್ನು ಹೇಳುವುದು ಕಮ್ಮಿ, ನೀವೇ ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರ್ ಇಸ್ಕೊಳ್ಳಿ. ಶುಗರ್ ಇದೆ ಎಂದು ಅರ್ಜಿಯಲ್ಲಿ ಬರೆಯಿರಿ, ಮುಚ್ಚಿಟ್ಟರೆ ಕ್ಲೇಮ್ ಸಮಯದಲ್ಲಿ ಅದೇ ನೆಪ ಆಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಪ್ರೀಮಿಯಂ ಸ್ವಲ್ಪ ಹಗುರ.

ಪಿಎಫ್ ಹಣ ಸದ್ಯಕ್ಕೆ ಅಲ್ಲೇ ಇರಲಿ. 2024-25ಕ್ಕೆ ಶೇ 8.25 ಬಡ್ಡಿ ಕೊಟ್ಟಿದ್ದಾರೆ, ಬ್ಯಾಂಕು ಇಷ್ಟು ಕೊಡುವುದಿಲ್ಲ. 55ಕ್ಕೆ ಮೊದಲೇ ಕೆಲಸ ಬಿಟ್ಟರೂ 58ರವರೆಗೆ ಬಡ್ಡಿ ಬರುತ್ತದೆ. ಒಂದು ಎಚ್ಚರ: ಕೆಲಸ ಬಿಟ್ಟ ಮೇಲೆ ಬರುವ ಬಡ್ಡಿಗೆ ತೆರಿಗೆ ಇದೆ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲೇ ಹೀಗೆ ಹೇಳಿದೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಬೀಳುವುದಿಲ್ಲವಾದ್ದರಿಂದ ನಿಮಗೆ ಇದು ದೊಡ್ಡ ತಲೆನೋವಲ್ಲ, ರಿಟರ್ನ್ಸ್‌ನಲ್ಲಿ ಮಾತ್ರ ತೋರಿಸಿ. ಹಣ ತೆಗೆಯುವ ನಿಯಮವನ್ನೂ ಬದಲಿಸಲು 2025ರ ಅಕ್ಟೋಬರ್‌ನಲ್ಲಿ ಪಿಎಫ್ ಸಂಸ್ಥೆಯಾದ ಇಪಿಎಫ್‌ಒದ ಮಂಡಳಿ ತೀರ್ಮಾನಿಸಿದೆ: ಕೆಲಸ ಹೋದರೆ ಮುಕ್ಕಾಲು ಭಾಗ ಕೂಡಲೇ, ಉಳಿದದ್ದು 12 ತಿಂಗಳ ನಂತರ. ಆಪತ್ತಿಗೆ ಅಷ್ಟು ಸಾಕು.

ಹಿರಿಯ ನಾಗರಿಕರ ಉಳಿತಾಯ ಯೋಜನೆ 60 ದಾಟಿದವರಿಗೆ ಮಾತ್ರ ಎಂದು ತುಂಬಾ ಜನ ತಿಳಿದಿದ್ದಾರೆ. 55 ತುಂಬಿ ಕೆಲಸದಿಂದ ನಿವೃತ್ತರಾದವರೂ ಸೇರಬಹುದು, ಆದರೆ ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ. ಪಿಎಫ್ ಕೂಡ ನಿವೃತ್ತಿಯ ಹಣವೇ. ಅದನ್ನು ಇವತ್ತೇ ತೆಗೆದರೆ ಮೇ ಬರುವಷ್ಟರಲ್ಲಿ ಆ ಗಡುವು ಮೀರಿ ಹೋಗಬಹುದು. ಈಗಿನ ಶೇ 8.2 ಬಡ್ಡಿಯಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ಕೆಲಸ ಸಿಕ್ಕರೆ ಇದರ ಅಗತ್ಯವೇ ಇಲ್ಲ, ಸಿಗದಿದ್ದರೆ 55 ತುಂಬಿದ ಮೇಲೆ ಪಿಎಫ್ ತೆಗೆದು ಇಲ್ಲಿ ಹಾಕಿ.

ಅಂದ ಹಾಗೆ, ದೊಡ್ಡ ಮೊತ್ತ ಖಾತೆಗೆ ಬಂದ ವಾರವೇ ಬ್ಯಾಂಕಿನವರು ಕರೆದು ಕೂರಿಸಿ ಟೀ ತರಿಸುತ್ತಾರೆ. ಟೀ ಕುಡಿಯಿರಿ. ವಿಮೆ ಜೊತೆ ಹೂಡಿಕೆ ಸೇರಿಸಿದ ಪಾಲಿಸಿಗೆ ಸಹಿ ಹಾಕಬೇಡಿ. ಸೈಟು, ಫ್ರಾಂಚೈಸಿ, ನೆಂಟರ ಬಿಸಿನೆಸ್‌ಗೆ ಪಾಲು ಇವೆಲ್ಲ ಒಂದು ವರ್ಷ ಬೇಡ.

ಕೆಲಸದ ವಿಷಯ. ದೊಡ್ಡ ಕಂಪನಿಗಳಿಗೆ ರೆಸ್ಯುಮೆ ಕಳಿಸಿ ಕಾಯುವುದರಲ್ಲಿ ಅರ್ಥವಿಲ್ಲ, ವಯಸ್ಸು ನೋಡಿಯೇ ಪಕ್ಕಕ್ಕಿಡುತ್ತಾರೆ. 2025ರಲ್ಲಿ ಟಿಸಿಎಸ್ 12 ಸಾವಿರ ಜನರನ್ನು ತೆಗೆಯುತ್ತೇವೆ ಎಂದಾಗಲೂ ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರು ಎಂದೇ ಹೇಳಿತ್ತು. ಸಂಬಳ ಜಾಸ್ತಿ ಇರುವ ಕಡೆ ಮೊದಲು ಕತ್ತರಿ ಬೀಳುತ್ತದೆ. ನಿಮ್ಮ ಗಿರಾಕಿ ಬೇರೆ. 30ರಿಂದ 100 ಜನ ಇರುವ ಸಣ್ಣ ಘಟಕಗಳು. ದೊಡ್ಡ ಕಂಪನಿಗೆ ಮಾಲು ಕೊಡಬೇಕಾದರೆ ಅವರಿಗೆ ವಾಹನ ಬಿಡಿಭಾಗದ ಗುಣಮಟ್ಟಕ್ಕೆ ಕೊಡುವ ಐಎಟಿಎಫ್ 16949 ಪ್ರಮಾಣಪತ್ರ ಬೇಕು, ಆಡಿಟ್ ದಾಟಬೇಕು, ರಿಜೆಕ್ಷನ್ ಇಳಿಸಬೇಕು. ಪೂರ್ಣಾವಧಿಗೆ ನಿಮ್ಮಂಥವರನ್ನು ಇಟ್ಟುಕೊಳ್ಳಲು ಅವರ ಕೈಲಾಗುವುದಿಲ್ಲ. ವಾರಕ್ಕೆ ಎರಡು ದಿನ ಬನ್ನಿ, ತಿಂಗಳಿಗೆ 20,000 ಕೊಡುತ್ತೇವೆ ಅನ್ನುವ ಇಂಥ ಎರಡು ಘಟಕ ಸಿಕ್ಕರೆ ನಿಮ್ಮ 40,000 ಮುಗಿಯಿತು. 19 ವರ್ಷದಲ್ಲಿ ನೀವೇ ಆಡಿಟ್ ಮಾಡಿದ ಸಪ್ಲೈಯರ್‌ಗಳ ಪಟ್ಟಿ ಮಾಡಿ, ಅಲ್ಲಿಂದ ಶುರು ಮಾಡಿ. ಹಳೆಯ ಕಂಪನಿಯ ಕರಾರಿನಲ್ಲಿ ಗುಟ್ಟು ಕಾಯುವ ಷರತ್ತು ಇದ್ದರೆ ಓದಿಕೊಳ್ಳಿ.

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶವನ್ನೂ ಒಮ್ಮೆ ಸುತ್ತಿ ಬನ್ನಿ. ಅಲ್ಲಿ ಕೆಲಸ ಹಿಡಿದರೆ ಮಗಳ ಓದು ಮುಗಿದ ಮೇಲೆ ಊರಿನಿಂದಲೇ ಓಡಾಡಬಹುದು. ತಿಪಟೂರು, ತುಮಕೂರು ಒಂದೇ ರೈಲು ಮಾರ್ಗದಲ್ಲಿವೆ.

ತೋಟವನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ. 2025ರಲ್ಲಿ ಉಂಡೆ ಕೊಬ್ಬರಿ ದರ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 12,100 ರೂಪಾಯಿಯನ್ನು ಎಷ್ಟೋ ಮೀರಿತ್ತು ನಿಜ. 2023ರಲ್ಲಿ ಇದೇ ತಿಪಟೂರಿನಲ್ಲಿ ದರ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದು ಬೆಳೆಗಾರರು ಬೀದಿಗಿಳಿದಿದ್ದೂ ಅಷ್ಟೇ ನಿಜ. ನಿಮಗಿಂತ ಅಮ್ಮನಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಕಾಯಿ ಕೀಳುವವರ ಕೂಲಿ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸುವುದು, ಸುಲಿಸುವುದು, ಇವೆಲ್ಲ ಕಳೆದು ಒಂದೂವರೆ ಎಕರೆಯಲ್ಲಿ ಬಂದದ್ದು ಬಂತು. ಅದಕ್ಕೇ ಮೇಲಿನ ಲೆಕ್ಕದಲ್ಲಿ ನಾನು ತೋಟದ ಒಂದು ರೂಪಾಯಿಯನ್ನೂ ಸೇರಿಸಿಲ್ಲ.

ಮಗಳಿಗೆ ಈ ವಾರವೇ ಹೇಳಿ. ಮೂರನೇ ವರ್ಷದ ಹುಡುಗಿ, ಮುಂದಿನ ವರ್ಷ ಅವಳೂ ಕೆಲಸದ ಸಂದರ್ಶನಗಳಿಗೆ ಹೋಗಬೇಕು. ಬೇರೆಯವರ ಬಾಯಿಂದ ಗೊತ್ತಾದರೆ ಜಾಸ್ತಿ ಗಾಬರಿಯಾಗುತ್ತಾಳೆ. ಫೀಸಿಗೆ ಹಣ ಬೇರೆ ಇಟ್ಟಿದ್ದೇನೆ ಎಂದು ಆ ಮಾತಿನ ಜೊತೆಗೇ ಹೇಳಿ. ಹೆಂಡತಿಯವರ ಜೊತೆ ಕೂತು ಮೇಲಿನ ಲೆಕ್ಕವನ್ನು ನಿಮ್ಮ ಮನೆಯ ಅಂಕಿಗಳಲ್ಲಿ ಮತ್ತೊಮ್ಮೆ ಹಾಕಿ. 38,000 ಎಂಬುದು ನೀವು ಅಂದಾಜಿನಲ್ಲಿ ಬರೆದದ್ದು, ದಿನಸಿ, ಹಾಲು, ಹಬ್ಬ, ಮುಯ್ಯಿ ಎಲ್ಲ ಸೇರಿ ನಿಜವಾಗಿ ಎಷ್ಟಾಗುತ್ತದೆ ಎಂದು ಗೊತ್ತಿರುವುದು ಅವರಿಗೇ.

ಕೊನೆಯ ದಿನಕ್ಕೆ ಮುಂಚೆ ಪಿಎಫ್ ಪೋರ್ಟಲ್‌ನಲ್ಲಿ ಮೂರು ವಿಷಯ ನೋಡಿ: ಹೆಸರು, ಹುಟ್ಟಿದ ದಿನ ಆಧಾರ್‌ಗೆ ಹೊಂದುತ್ತವೆಯೇ, ಹಳೆಯ ಕಂಪನಿಯ ಎಂಟು ವರ್ಷದ ಸೇವೆ ಪಿಂಚಣಿ ಲೆಕ್ಕದಲ್ಲೂ ಸೇರಿದೆಯೇ, ನಾಮಿನಿ ಹೆಸರು ಇದೆಯೇ. ಹಣ ವರ್ಗಾವಣೆಯಾಗಿ ಸೇವೆ ವರ್ಗಾವಣೆಯಾಗದೆ ಉಳಿಯುವುದು ಅಪರೂಪವಲ್ಲ. ಕೆಲಸ ಬಿಟ್ಟ ಮೇಲೆ ಕಂಪನಿ ಹಾಕುವ ನಿರ್ಗಮನ ದಿನಾಂಕ ಸರಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ತಪ್ಪಿದ್ದರೆ ಎಚ್‌ಆರ್‌ನವರು ನಿಮ್ಮ ಫೋನ್ ಎತ್ತುತ್ತಿರುವಾಗಲೇ ತಿದ್ದಿಸಿಕೊಳ್ಳಿ.